ನಾಲ್ಕು ನಲವತ್ತಕ್ಕೆ ಹಿಂತಿರುಗಿದವರು

ಆ ಊರಿನಲ್ಲಿ ಐದು ಗಂಟೆಯಾಯಿತೆಂದು ತಿಳಿಯಲು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಊರ ಕಚೇರಿಯ ಗುಮಾಸ್ತರು ಛತ್ರಿ ಹಿಡಿದು ಸೇತುವೆ ದಾಟಿದರೆ ಐದು. ಅದಕ್ಕೇ ಅವರಿಗೆ ‘ಐದು ಗಂಟೆ’ ಎಂದು ಹೆಸರು ಬಿದ್ದಿತ್ತು. ಅವರ ಬಾಮೈದನಿಗೆ ‘ಐದೂ ಕಾಲು’ ಎಂದು ಹೆಸರು, ಏಕೆಂದರೆ ಅವನು ದಿನಾ ಭಾವನ ಬೆನ್ನಿಗೇ ಬಂದು ಕಾಫಿಗೆ ಕೂರುತ್ತಿದ್ದ.

ಗುಮಾಸ್ತರ ಕೆಲಸ ಕಿಟಕಿಯ ಹತ್ತಿರ ಕೂತು ನಡಿಗೆ ರಿಜಿಸ್ಟರ್ ಬರೆಯುವುದು. ಊರ ಹಿಂದೆ ಮೇಲ್ಬಯಲು ಅಂತ ಇದೆ. ಮರವಿಲ್ಲ, ಮನೆಯಿಲ್ಲ, ಮೈಲಿಗಟ್ಟಲೆ ಕುರುಚಲು, ಹುಲ್ಲು, ಜೌಗು ಮತ್ತು ಗಾಳಿ. ಸೇತುವೆಯಿಂದ ಹೊರಟು, ಕಲ್ಲುಗೋಡೆ ಹತ್ತಿಳಿದು, ಕುರಿದಾರಿ ಹಿಡಿದು ಮೂರು ಕಲ್ಲು ನೆಟ್ಟ ಜಾಗ ಮುಟ್ಟಿ, ಜೌಗು ದಾಟಿ, ಹಳ್ಳದ ಗುಂಟ ಇಳಿದು ಮತ್ತೆ ಅದೇ ಸೇತುವೆಗೆ ಬಂದರೆ ಹನ್ನೊಂದು ಮೈಲಿ. ಇದನ್ನು ನಡೆಯಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಊರವರಿಗೆ ಮಾತ್ರ ಇದು ಕೊನೆಗೂ ಅರ್ಥವಾಗಲಿಲ್ಲ. “ಹೊರಟ ಜಾಗಕ್ಕೇ ವಾಪಸ್ ಬರೋದಾದ್ರೆ ಹೋಗೋದಾದ್ರೂ ಯಾಕೆ?” ಎಂದು ಹಾಲಿನವನು ಕೇಳುತ್ತಿದ್ದ.

ನಿಯಮ ಸರಳವಾಗಿತ್ತು. ಮೇಲೆ ಹೋಗುವವರು ಹೆಸರು ಮತ್ತು ಹೊರಟ ವೇಳೆ ಬರೆಸಬೇಕು. ಬಂದ ಮೇಲೆ ಹಿಂತಿರುಗಿದ ವೇಳೆ ಬರೆಸಬೇಕು. ಐದಕ್ಕೆ ಯಾರ ಮುಂದಾದರೂ ಜಾಗ ಖಾಲಿ ಇದ್ದರೆ ಗುಮಾಸ್ತರು ಮಾಡಿನ ಮೇಲಿನ ಗಂಟೆ ಬಾರಿಸಬೇಕು, ಹತ್ತು ಜನ ಹಗ್ಗ ದೀಪ ಹಿಡಿದು ಹುಡುಕಲು ಹೊರಡಬೇಕು.

ಮೊದಲ ವರ್ಷ ಗುಮಾಸ್ತರು ಹಾಗೇ ಮಾಡಿದರು. ಇಬ್ಬರು ಕಾಲೇಜಿನವರಿಗಾಗಿ ಏಳೂವರೆವರೆಗೆ ಕಾದು, ಗಂಟೆ ಬಾರಿಸಿ, ಹತ್ತು ಜನರನ್ನು ಗುಡ್ಡ ಹತ್ತಿಸಿದರು. ಆ ಇಬ್ಬರೂ ಮೂರು ಗಂಟೆಗೇ ಇಳಿದು ಬಸ್ಸು ಹತ್ತಿ ಹೋಗಿದ್ದರು. ಹತ್ತು ಜನ ಬೈದದ್ದಲ್ಲದೆ ಗುಮಾಸ್ತರಿಗೆ ಹದಿನೈದು ದಿನ ನೆಗಡಿ ಬೇರೆ. ಅಲ್ಲಿಂದಾಚೆ ಅವರು ಐದಾಗುತ್ತಿದ್ದಂತೆ ಖಾಲಿ ಜಾಗಗಳನ್ನು ತಾವೇ ತುಂಬಿಸಿ ಬೀಗ ಹಾಕತೊಡಗಿದರು. ಐದಕ್ಕೆ ಬರೆಯುವುದನ್ನು ಮೂರಕ್ಕೆ ಬರೆದರೆ ಏನು ತಪ್ಪು ಎಂದು ಮರುವರ್ಷ ಅನ್ನಿಸಿತು. ಅದರ ಮರುವರ್ಷದಿಂದ ಬೆಳಗ್ಗೆ ಹೊರಟ ವೇಳೆ ಬರೆದ ಕೈ ಹಾಗೇ ಪಕ್ಕಕ್ಕೆ ಸರಿದು ಹಿಂತಿರುಗಿದ ವೇಳೆಯನ್ನೂ ಬರೆದು ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಎಲ್ಲರಿಗೂ ಒಂದೇ ವೇಳೆ ಬರೆದರೆ ಅನುಮಾನ ಬರುತ್ತದೆಂದು ಮುದುಕರಿಗೆ ನಾಲ್ಕು ಐವತ್ತು, ಹೆಂಗಸರಿಗೆ ನಾಲ್ಕು ಹದಿನೈದು, ನಡುವಯಸ್ಸಿನ ಗಂಡಸರಿಗೆ ನಾಲ್ಕು ನಲವತ್ತು ಎಂದು ಒಂದು ಕ್ರಮ ಇಟ್ಟುಕೊಂಡಿದ್ದರು. ಬೇಜವಾಬ್ದಾರಿ ಎಂದು ಯಾರೂ ಅವರನ್ನು ಅನ್ನುವಂತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಬ್ಬರೂ ತಡವಾಗದ ಊರು ಎಂದು ಕಚೇರಿಗೆ ಪ್ರಶಸ್ತಿಪತ್ರ ಬಂತು. ಕಚೇರಿಯ ಅಧಿಕಾರಿಗಳು ಅದಕ್ಕೆ ಚೌಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದರು. ಗಂಟೆಯೊಳಗೆ ಗುಬ್ಬಿ ಗೂಡು ಕಟ್ಟಿತು.

ಇದರ ನಡುವೆ ಒಂದೇ ಒಂದು ತೊಡಕು. ಆರು ವರ್ಷದ ಹಿಂದೆ ಊರ ಗಡಿಯಾರ ರಿಪೇರಿಯವನು ಮೇಲ್ಬಯಲಿಗೆ ನಡೆಯಲು ಹೋದವನು ಮನೆಗೆ ಬರಲಿಲ್ಲ. ಅವನ ಹೆಂಡತಿ, ಊರಿಗೆಲ್ಲ ಬಟ್ಟೆ ಹೊಲಿಯುವ ಟೈಲರಮ್ಮ, ಹುಡುಕಿಸಿ ಎಂದು ಕಚೇರಿಗೆ ಓಡಿ ಬಂದಳು. ರಿಜಿಸ್ಟರ್ ತೆಗೆದು ನೋಡಿದರು. ನಡುವಯಸ್ಸಿನ ಗಂಡಸು, ನಾಲ್ಕು ನಲವತ್ತು. ಬಂದಿದ್ದಾನೆ. ಬಂದವನು ಮನೆಗೆ ಹೋಗಿಲ್ಲ ಎಂದರೆ ಅರ್ಥವೇನು? ಊರು ಅರ್ಥ ಹೇಳಿತು. ಅಂದಿನಿಂದ ಟೈಲರಮ್ಮ ಗಂಡ ಬಿಟ್ಟವಳು. “ಇವಳ ಬಾಯಿಗೆ ಹೆದರಿ ಓಡಿಹೋದ” ಅಂದವರು ಕೆಲವರು, “ಬೇರೆ ಯಾರನ್ನೋ ಕಟ್ಟಿಕೊಂಡ” ಅಂದವರು ಉಳಿದವರು. ಬಟ್ಟೆ ಮಾತ್ರ ಎಲ್ಲರೂ ಅವಳಲ್ಲೇ ಹೊಲಿಸುತ್ತಿದ್ದರು. ಯಾವ ಬಟ್ಟೆಗಾದರೂ ಕೊನೆಯ ಗುಂಡಿಯನ್ನು ಅವಳು ಕೆಂಪು ದಾರದಲ್ಲಿ ಹಾಕುತ್ತಿದ್ದಳು. ಅದು ಅವಳ ಸಹಿ.

ಇನ್ನು ನಮ್ಮ ಗುಮಾಸ್ತರ ಗ್ರಹಚಾರಕ್ಕೆ ಬರೋಣ. ಸೇತುವೆಯ ಬಳಿ ಹೊಸ ಫಲಕ ಹಾಕುವುದಿತ್ತು. ಅದರಲ್ಲಿ ನಡಿಗೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಬರೆಯಬೇಕು. ಪಟ್ಟಣದಿಂದ ತಪಾಸಣೆಗೆ ಬಂದಿದ್ದ ಸಾಹೇಬರು ಸುಮ್ಮನೆ ಮಾತಿಗೆ ಕೇಳಿದರು, “ಏನ್ರೀ, ನೀವು ಯಾವಾಗಾದ್ರೂ ನಡೆದಿದ್ದೀರಾ?”

ಇಲ್ಲ ಅನ್ನಲು ಎರಡಕ್ಷರ ಸಾಕಿತ್ತು. ಆದರೆ ಗುಮಾಸ್ತರ ಎದುರಿಗೆ ಬಾಮೈದ ನಿಂತಿದ್ದ, ಹಾಲಿನವನು ನಿಂತಿದ್ದ.

“ತಿಂಗಳಿಗೊಂದು ಸಲ ತಪ್ಪಿಸಿಲ್ಲ ಸಾರ್,” ಅಂದುಬಿಟ್ಟರು. “ಕಣ್ಣು ಕಟ್ಟಿ ಬಿಟ್ರೂ ಬರ್ತೀನಿ.”

“ಸರಿ, ಶನಿವಾರ ಒಂದು ಸಲ ಗಡಿಯಾರ ಹಿಡ್ಕೊಂಡು ನಡೆದು ವೇಳೆ ಬರ್ಕೊಡಿ,” ಅಂದರು ಸಾಹೇಬರು.

ಶನಿವಾರ ಬೆಳಗ್ಗೆ ಕಚೇರಿಯ ಮುಂದೆ ಅರ್ಧ ಊರು ಸೇರಿತ್ತು. ಗುಮಾಸ್ತರು ಹೆಂಡತಿ ಹೆಣೆದ ಸ್ವೆಟರು ಹಾಕಿ, ಬಾಮೈದನಿಂದ ಎರವಲು ತಂದ ಬೂಟಿಗೆ ಹತ್ತಿ ತುರುಕಿ, ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಬಂದರು. ಹಾಲಿನವನು ಕೈ ಕುಲುಕಿದ. ಬಾಮೈದ, “ಭಾವ, ಕಣ್ಣು ಕಟ್ಟಬೇಕಾ?” ಅಂದ. ಗುಮಾಸ್ತರು ಅದನ್ನು ಕೇಳಿಸಿಕೊಳ್ಳದೆ ಗಂಭೀರವಾಗಿ ಕಿಟಕಿಯ ಬಳಿ ಹೋಗಿ, ರಿಜಿಸ್ಟರಿನಲ್ಲಿ ತಮ್ಮ ಹೆಸರು ಬರೆದು, ಹೊರಟ ವೇಳೆ ಎಂಟೂವರೆ ಎಂದು ಬರೆದು, ಪುಸ್ತಕ ಮುಚ್ಚಿ ಹೊರಟರು. ಹೆಂಡತಿ ಸೇತುವೆಯವರೆಗೂ ಬಂದು, “ರೀ, ಐದಕ್ಕೆ ಬರ್ತೀರಲ್ಲ?” ಅಂದಳು. “ನಾನು ಯಾವತ್ತಾದ್ರೂ ತಡ ಮಾಡಿದೀನಾ?” ಅಂದರು ಗುಮಾಸ್ತರು.

ಕಲ್ಲುಗೋಡೆ ಹತ್ತುವುದರಲ್ಲೇ ಪ್ಯಾಂಟು ಹರಿಯಿತು. ಮೂರು ಕಲ್ಲು ಮುಟ್ಟುವ ಹೊತ್ತಿಗೆ ಹನ್ನೆರಡಾಗಿತ್ತು, ಮಂಜು ಇಳಿದಿತ್ತು. ಅಲ್ಲಿಂದ ಮುಂದೆ ನಡೆದು ಒಂದು ಗಂಟೆಗೆ ಮತ್ತೆ ಮೂರು ಕಲ್ಲಿಗೆ ಬಂದರು. ಎರಡೂವರೆಗೆ ಇನ್ನೊಮ್ಮೆ ಬಂದರು. ಸುತ್ತುದಾರಿ ಅಂದರೆ ಇದೇ ಇರಬೇಕು ಎಂದುಕೊಂಡರು. ಮೂರೂಮುಕ್ಕಾಲಿಗೆ ಜೌಗಿಗೆ ಕಾಲಿಟ್ಟು ಸೊಂಟದವರೆಗೆ ಹೋಗಿ, ಎಡಗಾಲಿನ ಬೂಟನ್ನು ಅದಕ್ಕೆ ಕಾಣಿಕೆ ಕೊಟ್ಟು, ಹುಲ್ಲು ಹಿಡಿದು ಹೊರಳಿ ಮೇಲೆ ಬಂದರು.

ಆಗಲೂ ಅವರಿಗೆ ಭಯವಾಗಲಿಲ್ಲ. ಇನ್ನೇನು ಐದು ಗಂಟೆ. ಐದಕ್ಕೆ ನನ್ನ ಹೆಸರಿನ ಮುಂದೆ ಖಾಲಿ ಇರುವುದನ್ನು ನೋಡುತ್ತಾರೆ, ಗಂಟೆ ಬಾರಿಸುತ್ತಾರೆ, ಹತ್ತು ಜನ ಬರುತ್ತಾರೆ. ಒಂದು ಬಂಡೆಯ ಮೇಲೆ ಕೂತು, ನಿಯಮದ ಪ್ರಕಾರ ನಿಮಿಷಕ್ಕೆ ಆರು ಸಲ ಸೀಟಿ ಊದುತ್ತ, ಗಂಟೆಯ ಸದ್ದಿಗೆ ಕಿವಿಕೊಟ್ಟರು. ಐದಾಯಿತು. ಐದೂ ಕಾಲಾಯಿತು. ಆಗ ಬೆಳಗ್ಗೆ ತಮ್ಮ ಕೈ ಮಾಡಿದ ಕೆಲಸ ಅವರ ಕಣ್ಣ ಮುಂದೆ ಬಂತು. ಎಂಟೂವರೆ ಎಂದು ಬರೆದ ಕೈ ಅಲ್ಲಿಗೇ ನಿಂತಿರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚಿನ ಅಭ್ಯಾಸ ಅದರದು. ನಡುವಯಸ್ಸಿನ ಗಂಡಸು, ನಾಲ್ಕು ನಲವತ್ತು.

ಸೀಟಿ ಬಾಯಿಂದ ಜಾರಿ ಬಿತ್ತು. ಗುಮಾಸ್ತರು ಆ ಬಂಡೆಯ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಅವರು ಆಗಲೇ ಮನೆಗೆ ಹೋಗಿಯಾಗಿತ್ತು. ಇನ್ನು ಅವರನ್ನು ಹುಡುಕುವವರು ಯಾರು?

ಕತ್ತಲಾಗುವ ಹೊತ್ತಿಗೆ ದಾರಿಯಿಂದ ಬಹಳ ದೂರ, ಎಡಕ್ಕೆ, ಅರ್ಧ ತಗಡು ಉಳಿದ ಒಂದು ಕುರುಬನ ಗುಡಿಸಲು ಕೈಗೆ ತಗುಲಿತು. ಒಳಗೆ ಮೊಳೆಗೆ ಒಂದು ದಪ್ಪ ಕ್ಯಾನ್ವಾಸ್ ಕೋಟು ನೇತುಹಾಕಿತ್ತು. ಒದ್ದೆ ಸ್ವೆಟರು, ಅಂಗಿ ಕಿತ್ತೆಸೆದು ಅದನ್ನು ಹಾಕಿಕೊಂಡು ಮೂಲೆ ಸೇರಿದರು. ಆ ರಾತ್ರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಚಳಿ ಇತ್ತು, ಗುಮಾಸ್ತರೂ ಇದ್ದರು.

ಬೆಳಕು ಹರಿದಾಗ ಅವರು ಮೊದಲು ನೋಡಿದ್ದು ಕೋಟಿನ ಕೊನೆಯ ಗುಂಡಿ. ಕೆಂಪು ದಾರ. ಆಮೇಲೆ ನೋಡಿದ್ದು ಹಿಂದಿನ ಗೋಡೆ. ಅದು ಒಳಕ್ಕೆ ಕುಸಿದಿತ್ತು, ಕಲ್ಲುಗಳ ಅಡಿಯಿಂದ ಒಂದು ಬೂಟಿನ ಮೂತಿ ಹೊರಗಿತ್ತು. ಕೋಟು ಬಿಚ್ಚಿಟ್ಟು ಗೋಡೆಗೆ ಒರಗಿ ಕೂತವನ ಬೂಟು. ಅದಕ್ಕಿಂತ ಹೆಚ್ಚು ನೋಡುವ ಧೈರ್ಯ ಗುಮಾಸ್ತರಿಗೆ ಆಗಲಿಲ್ಲ. ಒಂದೇ ಬೂಟಿನಲ್ಲಿ ಕುಂಟುತ್ತ ಓಡಿದರು. ಮಂಜು ಹರಿದಿತ್ತು, ಊರು ಅಂಗೈ ಮೇಲಿಟ್ಟ ಹಾಗೆ ಕೆಳಗೇ ಇತ್ತು. ಎಲ್ಲ ಹೇಳಿಬಿಡಬೇಕು ಎಂದುಕೊಂಡೇ ಅವರು ಇಳಿದು ಬಂದರು. ಇದನ್ನು ಅವರ ಪರವಾಗಿ ದಾಖಲಿಸಬೇಕು, ಏಕೆಂದರೆ ಅವರ ಪರವಾಗಿ ದಾಖಲಿಸಲು ಇನ್ನು ಹೆಚ್ಚಿಗೆ ಏನೂ ಇಲ್ಲ.

ಸೇತುವೆಯ ಬಳಿ ಹಾಲಿನವನು ಸಿಕ್ಕ. ಗುಮಾಸ್ತರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕಣ್ಣು ಮಿಟುಕಿಸಿದ.

“ಏನ್ಸಾರ್, ನಾಲ್ಕು ನಲವತ್ತಕ್ಕೆ ಬಂದೋರು ರಾತ್ರಿಯೆಲ್ಲ ಎಲ್ಲಿ ಬಿಡಾರ?”

“ನಾನು ಈಗ ಬರ್ತಾ ಇದೀನಯ್ಯಾ!”

“ಬಿಡಿ ಸಾರ್, ಗಂಡಸರು ಗಂಡಸರ ಹತ್ರ ಮುಚ್ಚಿಡೋದೇನು? ನಿನ್ನೆ ಇದೇ ಸೇತುವೆ ಮೇಲೆ ನಾನೇ ನಿಮ್ಮನ್ನ ನೋಡಿದೀನಲ್ಲ.”

ನೋಡಿದವನು ಅವನೊಬ್ಬನೇ ಅಲ್ಲ. ಹಿಂದಿನ ಸಂಜೆ ಆರಕ್ಕೆ ಗುಮಾಸ್ತರ ಹೆಂಡತಿ ಗಾಬರಿಯಾಗಿ ಕಚೇರಿಗೆ ಓಡಿದಾಗ ಅಧಿಕಾರಿಗಳು ರಿಜಿಸ್ಟರ್ ತೆಗೆದು ತೋರಿಸಿದ್ದರು. “ಬಂದಿದ್ದಾರಲ್ಲಮ್ಮ. ಅವರದೇ ಅಕ್ಷರ.” ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ಅದು. ರಿಜಿಸ್ಟರಿನಲ್ಲಿ ಬಂದಿದ್ದಾರೆ ಎಂದ ಮೇಲೆ ಗುಮಾಸ್ತರು ಊರ ತುಂಬ ಓಡಾಡಿದರು. ಔಷಧಿ ಅಂಗಡಿಯವನು ಅವರನ್ನು ನಾಲ್ಕು ಐವತ್ತಕ್ಕೆ ಕಂಡ. ಕ್ಷೌರಿಕ ಐದಕ್ಕೆ ಕಂಡು ನಮಸ್ಕಾರವನ್ನೂ ಹೇಳಿದ್ದ, ಅವರು ತಿರುಗಿ ನೋಡದೆ ಹೋದರಂತೆ. ಎಲ್ಲಿಗೆ ಹೋದರು? ಇಡೀ ಬೀದಿಯಲ್ಲಿ ತಡವಾಗಿ ದೀಪ ಉರಿದದ್ದು ಟೈಲರಮ್ಮನ ಮನೆಯಲ್ಲಿ. ಅವಳಿಗೆ ಶಾಲೆಯ ನಲವತ್ತು ಸಮವಸ್ತ್ರ ಹೊಲಿದುಕೊಡುವುದಿತ್ತು ಎನ್ನುವುದು ಊರಿನ ಲೆಕ್ಕಕ್ಕೆ ಬರಲಿಲ್ಲ. ಬೆಳಗ್ಗೆ ಏಳಕ್ಕೆ ಗುಮಾಸ್ತರ ಹೆಂಡತಿ ಅವಳ ಬಾಗಿಲಲ್ಲಿ ನಿಂತು, “ನಿನ್ನ ಗಂಡ ಬಿಟ್ಟು ಓಡಿದ ಅಂತ ನನ್ನ ಗಂಡ ಬೇಕಾ ನಿನಗೆ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಬಂದಿದ್ದಳು.

ಇಷ್ಟೆಲ್ಲ ಆದ ಮನೆಗೆ ಗುಮಾಸ್ತರು ಕೋಟು ಹಾಕಿಕೊಂಡು ಹೊಕ್ಕರು. ಅತ್ತೆ, ಮಾವ, ಇಬ್ಬರು ಚಿಕ್ಕಮ್ಮಂದಿರು ಸಾಲಾಗಿ ಕೂತಿದ್ದರು. ಹೆಂಡತಿ ಮುಖ ನೋಡಲಿಲ್ಲ, ಗುಂಡಿ ನೋಡಿದಳು.

“ಅಯ್ಯೋ! ನಾನು ಹೆಣೆದ ಸ್ವೆಟರ್ ಹಾಕ್ಕೊಂಡು ಹೋದೋರು ಅವಳು ಹೊಲಿದ ಕೋಟು ಹಾಕ್ಕೊಂಡು ಬಂದಿದಾರಲ್ಲಮ್ಮ!”

“ಲೇ, ಇದು ಮೇಲೆ ಸಿಕ್ಕಿದ್ದು ಕಣೇ...”

“ಮೇಲಾ? ಮಹಡೀಲಾ?” ಅಂದರು ಅತ್ತೆ.

“ನಾನು ಬಂದೇ ಇರಲಿಲ್ಲ! ಬಂದೆ ಅಂತ ಬೆಳಗ್ಗೇನೇ ಬರೆದಿದ್ದೆ!”

ಚಿಕ್ಕಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹೆಂಡತಿ ಜೋರಾಗಿ ಅಳತೊಡಗಿದಳು. “ಹೊರಡೋ ಮುಂಚೆ ಬಂದೆ ಅಂತ ಪ್ರಪಂಚದಲ್ಲಿ ಯಾರಾದ್ರೂ ಬರೀತಾರಾ? ನನ್ನನ್ನ ಅಷ್ಟು ದಡ್ಡಿ ಅಂದ್ಕೊಂಡ್ರಾ?”

“ಭಾವ,” ಅಂದ ಬಾಮೈದ ಬೇಸರದಿಂದ, “ಸುಳ್ಳು ಹೇಳಿದ್ರೂ ಒಂದು ಮರ್ಯಾದಸ್ಥ ಸುಳ್ಳು ಹೇಳ್ಬಾರ್ದಾ? ನನ್ನ ಇನ್ನೊಂದು ಬೂಟೆಲ್ಲಿ?”

ಬಾಯಿ ತೆರೆದಷ್ಟೂ ಹದಗೆಡುತ್ತಿತ್ತು. ಅಷ್ಟರಲ್ಲಿ ಅಧಿಕಾರಿಗಳಿಂದ ಕರೆ ಬಂತು. ಸದ್ಯ, ಅಲ್ಲಾದರೂ ಕೇಳುವವರಿದ್ದಾರೆ ಎಂದು ಗುಮಾಸ್ತರು ಹಾಗೇ ಎದ್ದು ಹೋದರು.

ಅಧಿಕಾರಿಗಳು ಕೇಳಿದರು. ಬೆಳಗ್ಗೆಯೇ ಬರೆಯುವ ಕ್ರಮ, ಮಂಜು, ಗುಡಿಸಲು, ಬೂಟಿನ ಮೂತಿ, ಎಲ್ಲವನ್ನೂ ಕೊನೆಯವರೆಗೆ ಕೇಳಿದರು. ಆಮೇಲೆ ಎದ್ದು ಬಾಗಿಲು ಹಾಕಿ ಬಂದರು. ಬೀರುವಿನಿಂದ ಒಂದು ಕಡತ ತೆಗೆದು ಮೇಜಿನ ಮೇಲಿಟ್ಟರು.

“ಇದು ಟೈಲರಮ್ಮ ಕೊಟ್ಟ ಅರ್ಜಿ. ಮೂರು. ನನ್ನ ಗಂಡ ಮೇಲೇ ಇದಾರೆ, ಹುಡುಕ್ಸಿ ಅಂತ. ಮೊದಲ್ನೇದು ಅವನು ಹೋದ ಸಂಜೇದು. ಮೂರರ ಮೇಲೂ ಏನು ಬರೆದಿದೆ ಓದಿ.”

ಗುಮಾಸ್ತರು ಓದಿದರು. ‘ರಿಜಿಸ್ಟರಿನಂತೆ ಹಿಂತಿರುಗಿದ್ದಾರೆ. ಹುಡುಕುವ ಅಗತ್ಯವಿಲ್ಲ.’

“ಬರೆದೋರು ನೀವು. ಕೆಳಗೆ ಸಹಿ ನಂದು,” ಅಂದರು ಅಧಿಕಾರಿಗಳು. “ಗೋಡೆ ಯಾವಾಗ ಬಿತ್ತೋ ಯಾರಿಗೆ ಗೊತ್ತು? ಆ ರಾತ್ರಿ ಹತ್ತು ಜನ ಹೋಗಿದ್ರೆ ಅವನು ಬದುಕ್ತಿದ್ನೋ ಏನೋ. ಈಗ ಹೇಳಿ. ನಿನ್ನೆ ನೀವು ನಾಲ್ಕು ನಲವತ್ತಕ್ಕೆ ಬಂದಿದ್ರೆ, ರಾತ್ರಿ ಎಲ್ಲಿದ್ರಿ ಅನ್ನೋದು ನಿಮಗೂ ನಿಮ್ಮ ಹೆಂಡ್ತಿಗೂ ಸಂಬಂಧಪಟ್ಟ ವಿಷಯ, ಕಚೇರಿಗೆ ಬೇಕಿಲ್ಲ. ಬಂದಿಲ್ಲ ಅಂದ್ರೆ ಹದಿನಾಲ್ಕು ವರ್ಷ ಯಾರೂ ಬಂದಿಲ್ಲ. ಅವನೂ ಬಂದಿಲ್ಲ. ನೀವೂ ನಾನೂ ಜೈಲು.”

“ಸಾರ್, ಆ ಹೆಣ್ಣುಮಗಳು... ಊರೆಲ್ಲ ಅವಳನ್ನ...”

“ಆರು ವರ್ಷ ಅನ್ನಿಸ್ಕೊಂಡಿದಾಳೆ, ಅಭ್ಯಾಸ ಆಗಿರುತ್ತೆ. ನಿಮಗೆ ನಿವೃತ್ತಿಗೆ ಇನ್ನೆಷ್ಟು ತಿಂಗಳು?”

“ಹನ್ನೊಂದು.”

“ಜೈಲಿಗಿಂತ ಜಾರ ಅನ್ನಿಸ್ಕೊಳ್ಳೋದು ಸುಖ ಕಣ್ರೀ. ಊರು ಆರು ತಿಂಗಳಿಗೆ ಮರೆಯುತ್ತೆ.”

ಹೇಳಿಕೆ ಮೊದಲೇ ತಯಾರಾಗಿತ್ತು. ತಾನು ನಾಲ್ಕು ನಲವತ್ತಕ್ಕೆ ಸುರಕ್ಷಿತವಾಗಿ ಹಿಂತಿರುಗಿರುತ್ತೇನೆ. ಗುಮಾಸ್ತರು ಪ್ರಶಸ್ತಿಪತ್ರವನ್ನೊಮ್ಮೆ ನೋಡಿ ಸಹಿ ಹಾಕಿದರು. ಅಕ್ಷರ ಚೆನ್ನಾಗಿಯೇ ಬಂತು.

ಬಾಗಿಲು ತೆರೆದರೆ ಟೈಲರಮ್ಮ ನಿಂತಿದ್ದಳು. ಅವಳು ಜಗಳಕ್ಕೆ ಬಂದಿರಲಿಲ್ಲ. ಕೋಟು ಊರ ಬಾಯಲ್ಲಿ ಬಿದ್ದು ಅವಳ ಮನೆಗೂ ತಲುಪಿತ್ತು. ನೆಟ್ಟಗೆ ಗುಮಾಸ್ತರ ಹತ್ತಿರ ಬಂದು ಕೊನೆಯ ಗುಂಡಿಯ ಮೇಲೆ ಬೆರಳಿಟ್ಟಳು.

“ಇದೆಲ್ಲಿ ಸಿಕ್ತು ಸಾರ್?”

ಅಧಿಕಾರಿಗಳು ಸಹಿಯ ಶಾಯಿ ಒಣಗಲೆಂದು ಕಾಗದ ಬೀಸುತ್ತಿದ್ದರು.

“ಪಟ್ಟಣದಲ್ಲಿ,” ಅಂದರು ಗುಮಾಸ್ತರು. “ಹಳೇ ಬಟ್ಟೆ ಅಂಗಡೀಲಿ ಕೊಂಡಿದ್ದು.”

“ಅಂದ್ರೆ ಅವರು ಇಳಿದು ಬಂದ್ರು. ಬಂದು, ಇದನ್ನ ಮಾರಿ, ಹೋದ್ರು.”

ಗುಮಾಸ್ತರು ಕೋಟಿನ ಕಾಲರು ಸರಿಮಾಡಿಕೊಂಡರು.

“ಒಂದೇ ಒಂದು ಹೇಳಿ ಸಾರ್. ಅವತ್ತು ನೀವು ಅವರನ್ನ ಕಣ್ಣಾರೆ ನೋಡಿ ಬರೆದ್ರಾ? ನಿಮ್ಮ ಹೆಂಡ್ತಿ ನನ್ನ ಬಾಗಿಲಲ್ಲಿ ಏನಾದ್ರೂ ಅಂದ್ಕೊಳ್ಳಲಿ, ಅದು ನನಗೆ ತಟ್ಟಲ್ಲ. ಆದ್ರೆ ಬಂದೂ ಮನೆ ಮುಂದೆ ಹಾದು ಹೋದ್ರಲ್ಲ ಅಂತ ದಿನಾ ಬೆಳಗ್ಗೆ ಎದ್ದು ಅವರಿಗೆ ಶಾಪ ಹಾಕಿದೀನಿ ನಾನು. ಆರು ವರ್ಷ. ನೋಡಿ ಬರೆದ್ರಾ?”

“ನೋಡಿಯೇ ಬರೆದೆ,” ಅಂದರು ಗುಮಾಸ್ತರು.

ಟೈಲರಮ್ಮ ತಲೆಯಾಡಿಸಿದಳು. ಅಳತೆ ನೋಡುವಾಗ ಬಿಚ್ಚುವ ಹಾಗೆ ಒಂದೊಂದೇ ಗುಂಡಿ ಬಿಚ್ಚಿ, ಅವರ ಮೈಯಿಂದ ಕೋಟು ತೆಗೆದುಕೊಂಡು ಹೋದಳು. ಗುಮಾಸ್ತರು ಬನಿಯನ್ನಿನಲ್ಲಿ ನಿಂತರು. ಹೊರಗೆ ನಿಂತಿದ್ದ ಕ್ಷೌರಿಕ ಇದನ್ನು ಕಿಟಕಿಯಿಂದ ನೋಡಿದ. ಅವನು ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮರುದಿನ ಎಂಟೂವರೆಗೆ ಕಿಟಕಿಯ ಮುಂದೆ ಟೈಲರಮ್ಮ. ಕೋಟು ಅವಳ ಮೈಮೇಲಿತ್ತು, ಕೈಯಲ್ಲಿ ಸಣ್ಣ ಗುದ್ದಲಿ.

“ನನ್ನ ಹೆಸರು ಬರ್ಕೊಳ್ಳಿ. ನಡೆಯೋಕೆ ಹೋಗ್ತಿದೀನಿ.” ಅವಳು ಕೋಟಿನ ಜೇಬಿಂದ ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ ತೆಗೆದು ಕಿಟಕಿಯ ಕಟ್ಟೆ ಮೇಲಿಟ್ಟಳು. “ಇದಿಲ್ದೆ ಅವರಿಗೆ ಒಂದು ಮುಳ್ಳೂ ಕಾಣ್ತಿರಲಿಲ್ಲ. ಕೋಟು ಮಾರೋರು ಇದನ್ನ ಜೇಬಲ್ಲಿ ಬಿಟ್ಟು ಮಾರ್ತಾರಾ?”

ಗುಮಾಸ್ತರು ಹೊರಟ ವೇಳೆ ಬರೆದರು. ಕೈ ಈ ಸಲ ಅಲ್ಲಿಗೇ ನಿಂತಿತು.

“ಬಂದ ವೇಳೇನೂ ಈಗಲೇ ಬರೆದುಬಿಡಿ,” ಅಂದಳು ಟೈಲರಮ್ಮ. “ಬೆಳಗ್ಗೇನೇ ಬರೆದೆ ಅಂತ ನೀವು ಮನೇಲಿ ಹೇಳಿದ್ರಂತೆ. ಊರೆಲ್ಲ ನಗ್ತಾ ಇದೆ. ನನಗೆ ಮಾತ್ರ ನಗು ಬರಲಿಲ್ಲ.”

ಒಳಗಿನ ಕೋಣೆಯಲ್ಲಿ ಅಧಿಕಾರಿಗಳು ಕೆಮ್ಮಿದರು. ಗುಮಾಸ್ತರು ಪೆನ್ನು ಕೆಳಗಿಟ್ಟು, ಕಿಟಕಿಗೆ ಮುಖ ತಂದು, ಪಿಸುದನಿಯಲ್ಲಿ ಅಂದರು: “ಮೂರು ಕಲ್ಲಿಂದ ದಾರಿ ಬಿಟ್ಟು ಎಡಕ್ಕೆ. ಅರ್ಧ ತಗಡಿನ ಗುಡಿಸಲು. ಹಿಂದಿನ ಗೋಡೆ.”

ಅವಳು ಕನ್ನಡಿಯನ್ನು ಜೇಬಿಗೆ ಹಾಕಿಕೊಂಡು ಹೊರಟಳು.

ಆ ದಿನ ಹಿಂತಿರುಗಿದ ವೇಳೆಯ ಜಾಗ ಖಾಲಿ ಇತ್ತು. ನಾಲ್ಕು ನಲವತ್ತಾಯಿತು. ಐದಾಯಿತು. ಅಧಿಕಾರಿಗಳು ಬೀಗದ ಕೈ ಕುಲುಕಿಸುತ್ತ ಬಂದರು.

“ಇನ್ನೂ ಒಬ್ರು ಬರ್ಬೇಕು ಸಾರ್. ಗಂಟೆ ಬಾರಿಸ್ಲಾ?”

ಅಧಿಕಾರಿಗಳು ಅವರನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಪೆನ್ನು ಕಿತ್ತುಕೊಂಡು ತಾವೇ ಖಾಲಿ ಜಾಗದಲ್ಲಿ ನಾಲ್ಕು ನಲವತ್ತು ಎಂದು ಬರೆದು, ರಿಜಿಸ್ಟರ್ ಒಳಗಿಟ್ಟು, ಬೀಗ ಜಡಿದು ನಡೆದರು. ಹೆಂಗಸರಿಗೆ ನಾಲ್ಕು ಹದಿನೈದು ಎಂಬ ಕ್ರಮ ಅವರಿಗೆ ಗೊತ್ತಿರಲಿಲ್ಲ.

ಬೀಗ ಬಿದ್ದ ಮೇಲೂ ಗುಮಾಸ್ತರು ಅವತ್ತು ಸೇತುವೆ ದಾಟಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ಗುಡ್ಡದ ಕಡೆ ಮುಖ ಮಾಡಿ ಕೂತರು. ಐದೂ ಕಾಲಿಗೆ ಕಾಫಿ ಸಿಗದ ಬಾಮೈದ ಹುಡುಕಿಕೊಂಡು ಬಂದ, ಅವನ ಹಿಂದೆ ಹಾಲಿನವನು.

“ಏನ್ ಭಾವ, ಮನೆಗೆ ಬರಲ್ವಾ?”

“ಟೈಲರಮ್ಮ ಬರ್ಬೇಕು.”

ಬಾಮೈದ ಹಾಲಿನವನ ಮುಖ ನೋಡಿದ. “ಕೇಳಿಸ್ಕೊಂಡ್ರಾ? ಇಷ್ಟು ದಿನ ಕದ್ದುಮುಚ್ಚಿ ಇತ್ತು, ಈಗ ಹಾಡಹಗಲೇ ಬಾಗಿಲು ಕಾಯ್ತಾರೆ. ಅಕ್ಕನಿಗೆ ನಾನೇನು ಹೇಳ್ಲಿ?” ಅವನು ಏನೂ ಹೇಳಬೇಕಾಗಲಿಲ್ಲ. ಅವನಿಗಿಂತ ಮೊದಲೇ ಹಾಲಿನವನು ಹೋಗಿ ಹೇಳಿದ. ಗುಮಾಸ್ತರು ಜೀವಮಾನದಲ್ಲಿ ಮೊದಲ ಸಲ ಮಾಡಿದ ನೆಟ್ಟಗಿನ ಕೆಲಸವೇ ಊರಿಗೆ ಬೇಕಾದ ಕೊನೆಯ ಸಾಕ್ಷಿಯಾಯಿತು. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದವು.

ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ, ಟೈಲರಮ್ಮ ಸೇತುವೆ ದಾಟಿ ಬಂದಳು. ಕೋಟು ಈಗ ಮೈಮೇಲಿರಲಿಲ್ಲ. ಅದನ್ನು ಗಂಟು ಕಟ್ಟಿ ಎರಡೂ ತೋಳಲ್ಲಿ ಎತ್ತಿಕೊಂಡಿದ್ದಳು. ಕೈಯೆಲ್ಲ ಮಣ್ಣು, ಉಗುರು ಒಡೆದಿತ್ತು. ಮೆಟ್ಟಿಲ ಮುಂದೆ ಬಂದು ನಿಂತಳು.

“ಬಂದೆ. ಬರ್ಕೊಳ್ಳಿ.”

ಗುಮಾಸ್ತರು ಎದ್ದು ನಿಂತರು. “ಬೀಗ ಹಾಕಿದಾರಮ್ಮ. ನೀವು ನಾಲ್ಕು ನಲವತ್ತಕ್ಕೇ ಬಂದಾಗಿದೆ.”

ಟೈಲರಮ್ಮ ಗಂಟನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟು ಅದರ ಪಕ್ಕದಲ್ಲಿ ಕೂತಳು.

“ಇವರು?” ಅಂದಳು.

“ಇವರೂ,” ಅಂದರು ಗುಮಾಸ್ತರು.